ಹೆಗ್ಗಣದ ಹೊಸ ಬಾಡಿಗೆದಾರ

ಗದ್ದೆಯ ಬದುವಿನಲ್ಲಿ ಒಂದು ಹೆಗ್ಗಣ ಸಾಲಾಗಿ ಬಿಲಗಳನ್ನು ಮಾಡಿಸಿ ಇಲಿಗಳಿಗೆ ಬಾಡಿಗೆಗೆ ಕೊಟ್ಟಿತ್ತು. ಮನೆ ಬಿಡುವಾಗ ಹಿಂತಿರುಗಿಸಬೇಕಾದ ಮುಂಗಡದ ಭತ್ತವನ್ನೆಲ್ಲ ಏಡಿಗಳಿಗೆ ಕೂಲಿಯಾಗಿ ಕೊಟ್ಟು, ಬಿಲದ ಮೇಲೆ ಬಿಲ ತೋಡಿಸುತ್ತಲೇ ಹೋಯಿತು.

ಒಂದು ದಿನ ಬಸುರಿ ಇಲಿಯೊಂದು ಬಂದು, “ಹೆರಿಗೆಗೆ ತವರಿಗೆ ಹೊರಟಿದ್ದೇನೆ ಮಾಲೀಕರೇ, ನನ್ನ ಮುಂಗಡ ಕೊಟ್ಟುಬಿಡಿ,” ಎಂದಿತು.

“ಹೊಸಬರು ಬರಲಿ ತಾಯಿ, ಅವರ ಮುಂಗಡ ಕೈಗೆ ಬಂದ ಕೂಡಲೇ ನಿನ್ನದು ಕೊಡುತ್ತೇನೆ,” ಎಂದಿತು ಹೆಗ್ಗಣ. ಆ ಮಾತು ಕೇಳಿದ್ದೇ ತಡ, ಉಳಿದ ಇಲಿಗಳೂ ತಮ್ಮ ತಮ್ಮ ಮುಂಗಡಕ್ಕೆ ಬಂದು ನಿಂತವು. ಹೆಗ್ಗಣಕ್ಕೆ ದಿಕ್ಕೇ ತೋಚಲಿಲ್ಲ.

ಅಷ್ಟರಲ್ಲಿ ನಾಗರಹಾವು ಬಂದು, “ಕೇಳಿದಷ್ಟು ಮುಂಗಡ ಕೊಡುತ್ತೇನೆ, ಮನೆ ತೋರಿಸಿ,” ಎಂದಿತು. ಹೆಗ್ಗಣ ಅದರ ಹಲ್ಲನ್ನು ಕಂಡೂ ಕಾಣದಂತೆ ದಾರಿ ಬಿಟ್ಟಿತು.

“ಮುಂಗಡ ನಿಮಗೇ ಇರಲಿ, ಜೀವ ನಮಗಿರಲಿ,” ಎಂದು ಬಸುರಿ ಇಲಿ ಎಲ್ಲರನ್ನೂ ಕರೆದುಕೊಂಡು ಹಿಂದಿನ ಕಿಂಡಿಯಿಂದ ಹೊರಟುಹೋಯಿತು.

ಕೊಡುವ ಬಾಧೆ ತಪ್ಪಿತೆಂದು ಹೆಗ್ಗಣದ ಮನಸ್ಸು ಹಗುರಾಯಿತು. “ಇನ್ನು ನಿಮ್ಮ ಮುಂಗಡದ ಮಾತಾಡೋಣವೇ?” ಎಂದು ಕೇಳಿತು.

ಹಾವು ಖಾಲಿ ಬಿಲಗಳನ್ನೆಲ್ಲ ನೋಡಿ ಬಂದು, ಬಾಗಿಲಿಗೆ ಅಡ್ಡವಾಗಿ ಸುತ್ತಿಕೊಂಡಿತು.

“ನಾನೂ ನಿಮ್ಮ ಹಾಗೆ ಇಲಿಗಳನ್ನೇ ನಂಬಿ ಬಂದವನು ಸ್ವಾಮಿ. ಈಗ ಮನೆಯಲ್ಲಿ ನೀವೊಬ್ಬರೇ ಉಳಿದಿದ್ದೀರಿ.”