ಹಿಂದೆ ಬರುವ ಹೆಜ್ಜೆಗಳು

ಮಂಗಲಾ ಸಿದ್ದಿ ಓಡಲು ನಿಂತರೆ ಅವಳನ್ನು ಹಿಡಿಯುವವರು ಆ ಸೀಮೆಯಲ್ಲೇ ಇರಲಿಲ್ಲ. ಆದರೆ ಗೆಲುವಿನ ಗೆರೆ ಮುಟ್ಟಬೇಕು ಅನ್ನುವಷ್ಟರಲ್ಲಿ ಪ್ರತಿ ಸಲವೂ ಪಕ್ಕಕ್ಕೆ ಸರಿದು ನಿಂತುಬಿಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ನಾಳೆ ಕ್ರೀಡಾ ಹಾಸ್ಟೆಲಿನ ಆಯ್ಕೆ. ಅವಳ ವಯಸ್ಸಿಗೆ ಇದೇ ಕೊನೆಯ ಅವಕಾಶ.

ಬೆಳಗಿನ ಮಂಜಿನಲ್ಲಿ ಗುರು ಪರಸಜ್ಜ ಅವಳನ್ನು ಹೊಳೆದಂಡೆಗೆ ಕರೆದ. ಒಂದು ಕಾಲದಲ್ಲಿ ಬರಿಗಾಲಲ್ಲಿ ಓಡಿ ಪದಕ ಗೆದ್ದ ಮುದುಕ. ಮಾತು ಕಮ್ಮಿ, ಬೈಗುಳ ಜಾಸ್ತಿ.

"ಯಾಕೆ ನಿಲ್ತೀಯೇ, ಕತ್ತೆ?"

"ಹಿಂದೆ ಹೆಜ್ಜೆ ಸಪ್ಪಳ ಕೇಳ್ತದೆ ಅಜ್ಜಾ. ಬರಿಗಾಲಿಂದು. ತುಂಬಾ ಜನರದು."

"ತಿರುಗಿ ನೋಡಿದ್ರೆ?"

"ಯಾರೂ ಇರೂದಿಲ್ಲ."

ಅಜ್ಜ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಯಾರು ಅಂದ್ಕೊಂಡಿದ್ದಿ?"

"ನಮ್ಮ ಹಿರಿಯರು. ಹಬ್ಬದಲ್ಲಿ ಮೊದಲ ಎಡೆ ಅವರಿಗೆ ಇಡ್ತೇವೆ. ಹಿರಿಯರು ಬಂದ್ರೆ ದಾರಿ ಬಿಡು ಅಂತ ಅವ್ವ ಕಲಿಸಿದಾಳೆ. ಓಟದಲ್ಲಿ ಮಾತ್ರ ಅವರಿಗಿಂತ ಮುಂದೆ ಹೆಂಗೆ ಹೋಗ್ಲಿ?"

"ಓಡು," ಎಂದ ಅಜ್ಜ.

ಹಸಿ ಮರಳಿನ ಮೇಲೆ ಒಂದು ಗುರುತೂ ಇರಲಿಲ್ಲ. ಮಂಗಲಾ ಓಡಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಪ್ಪಳ ಬಂತು, ಹತ್ತಿರವಾಯಿತು. ಕುತ್ತಿಗೆಗೆ ಯಾರದೋ ಬಿಸಿ ಉಸಿರು ತಾಗಿತು. ಅವಳು ಸರಿದು, ಕೈಮುಗಿದು, ತಲೆ ತಗ್ಗಿಸಿ ನಿಂತಳು.

ಸಪ್ಪಳವೂ ನಿಂತಿತು. ಯಾರೂ ದಾಟಿ ಹೋಗಲಿಲ್ಲ.

ಅಜ್ಜ ಕೋಲೂರಿಕೊಂಡು ಬಂದ. "ಈಗ ನೋಡು."

ಬಂದ ದಾರಿಯ ಮರಳಿನ ತುಂಬ ಹೆಜ್ಜೆಗಳು. ದೊಡ್ಡವು, ಸಣ್ಣವು, ಕೂಸುಗಳವು. ಕೆಲವುಗಳ ಜೊತೆಗೆ ಸರಪಳಿ ಎಳೆದ ಗೀರು. ಅವಳು ನಿಂತಲ್ಲಿಗೇ ಎಲ್ಲ ಹೆಜ್ಜೆಗಳೂ ಮುಗಿದಿದ್ದವು. ಅದರಾಚೆ ಮರಳು ನುಣ್ಣಗಿತ್ತು.

"ಇವರೆಲ್ಲ ಯಾರಜ್ಜಾ?"

"ಆಫ್ರಿಕಾದಿಂದ ನಮ್ಮ ಸಿದ್ದಿ ಜನರನ್ನ ಗುಲಾಮರನ್ನಾಗಿ ಮಾಡಿ ತಂದಿದ್ರಲ್ಲ, ಅವರು. ಚಾಟಿ ತಪ್ಪಿಸಿ ಈ ಕಾಡಿಗೆ ಓಡಿ ಬಂದೋರು. ಆಮೇಲೆ ಮೈದಾನದಲ್ಲಿ ಓಡಿ ಗೆದ್ದೋರೂ ಇದಾರೆ." ಅಜ್ಜ ಬಗ್ಗಿ ಒಂದು ವಾರೆ ಹೆಜ್ಜೆಯ ಮೇಲೆ ಅಂಗೈ ಇಟ್ಟ. "ಇದು ತೀರಿಹೋದ ನನ್ನ ಅಕ್ಕಂದು." ಅವನ ಕಣ್ಣು ತುಂಬಿತು.

"ದಾರಿ ಬಿಟ್ಟೆನಲ್ಲ," ಮಂಗಲಾ ಅತ್ತೇಬಿಟ್ಟಳು, "ಮತ್ತೆ ಯಾಕೆ ಮುಂದೆ ಹೋಗ್ಲಿಲ್ಲ?"

"ಅವರ ಕಾಲು ಎಂದೋ ಮಣ್ಣಾಯ್ತು ಮಗಾ. ಇನ್ನು ನಿನ್ನ ಕಾಲು ಹೋದಷ್ಟು ದೂರವೇ ಅವರ ದಾರಿ. ಓಡು. ಹಿರಿಯರನ್ನ ಕಾಯಿಸಬಾರ್ದು."