ಬಣ್ಣ ಒರೆಸದೆ ಬಂದವನು

ದೇವರ ಅಲಂಕಾರಕ್ಕೆ ಗಂಧ ತೇಯುತ್ತಿದ್ದ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಜೋಕರ್ ಇರುವುದು ನಗಿಸುವುದಕ್ಕೆ. ಆದರೂ ಸಿನಿಮಾದಲ್ಲಿ ಅವನ ಮುಖ ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಕೊಲೆಗಾರನಿಗೂ ಅದೇ ವೇಷ ಹಾಕಿಸುತ್ತಾರೆ. ಯಾಕೆ?"

ಗುರುಗಳು ಹೇಳಿದರು:

ಒಂದು ಸರ್ಕಸ್ಸಿನಲ್ಲಿ ಒಬ್ಬ ಜೋಕರ್ ಇದ್ದ. ಡೇರೆಯ ಹಿಂದೆಯೇ ಅವನ ಬಿಡಾರ. ಹೆಂಡತಿ, ಒಂದು ಹೆಣ್ಣು ಕೂಸು. ಬಣ್ಣ ಒರೆಸಿಕೊಳ್ಳದೆ ಒಳಗೆ ಬರಕೂಡದೆಂದು ಹೆಂಡತಿ ಕಟ್ಟು ಮಾಡಿದ್ದಳು. "ಹಲ್ಲು ಕಿರಿಯುವುದೆಲ್ಲ ಊರವರ ಮುಂದೆ ಇರಲಿ. ಮಗಳಿಗೆ ಅಪ್ಪನ ಮುಖ ತೋರಿಸು" ಎನ್ನುತ್ತಿದ್ದಳು. ಬಾಗಿಲ ಹೊರಗೆ ಕೊಬ್ಬರಿ ಎಣ್ಣೆಯ ಬಟ್ಟಲು ಇಟ್ಟಿದ್ದಳು. ಅವನು ಎಣ್ಣೆ ಹಚ್ಚಿ, ಉಜ್ಜಿ ತೊಳೆದುಕೊಂಡೇ ಮಗಳನ್ನು ಎತ್ತಿಕೊಳ್ಳುತ್ತಿದ್ದ. ಆ ಬಣ್ಣದ ಮುಖವನ್ನು ಕೂಸು ಕಂಡೇ ಇರಲಿಲ್ಲ.

ಒಂದು ದಿನ ಕೂಸಿಗೆ ಜ್ವರ ನೆತ್ತಿಗೇರಿತು. ಅಪ್ಪ, ಅಪ್ಪ ಎಂದು ಕನವರಿಸತೊಡಗಿತು. ಪಕ್ಕದ ಬಿಡಾರದವರು ಗಾಡಿ ತರಲು ಓಡಿದರು. ತಾಯಿ ಡೇರೆಗೆ ಹೇಳಿ ಕಳಿಸಿದಳು. ಅವನು ಆಟ ಬಿಟ್ಟು ಓಡಿ ಬಂದು, ಬಾಗಿಲಲ್ಲಿ ಎಣ್ಣೆಯ ಬಟ್ಟಲಿಗೆ ಕೈ ಹಾಕಿದ.

"ಎಣ್ಣೆ ಹಾಳಾಗಲಿ, ಮೊದಲು ಒಳಗೆ ಬಾ!" ಎಂದು ಅವಳೇ ಕೂಗಿದಳು.

ಕೂಸು ಕಣ್ಣು ಬಿಟ್ಟಿತು. ಕಿವಿಯವರೆಗೆ ಎಳೆದ ಕೆಂಪು ಬಾಯಿ ಅದರ ಮೇಲೆ ಬಾಗಿತ್ತು. ಕೂಸು ಕಿಟಾರನೆ ಕಿರುಚಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿತು.

"ನಾನು ಕಣೇ ಪುಟ್ಟಿ, ಅಪ್ಪ" ಎಂದು ಅವನು ಗಳಗಳನೆ ಅತ್ತ. ಆ ಬಾಯಿ ಮಾತ್ರ ನಗುತ್ತಲೇ ಇತ್ತು. ಕೂಸು ಇನ್ನಷ್ಟು ಕಿರುಚಿತು. ಅವನು ಹೊರಗೆ ಓಡಿದ.

ಅವನು ಮುಖ ಉಜ್ಜುತ್ತಿದ್ದಷ್ಟು ಹೊತ್ತೂ ತಾಯಿ ಕೂಸನ್ನು ಅವುಚಿಕೊಂಡು ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿಯುತ್ತಿದ್ದಳು. ಮಡಿಲಲ್ಲೇ ಕೂಸಿನ ಉಸಿರು ನಿಂತಿತು. ಕೂಸು ಕೊನೆಗೆ ಕಂಡದ್ದು ಅಪ್ಪನನ್ನಲ್ಲ. ಬಣ್ಣದ ಮುಖದಲ್ಲೇ ಅವನನ್ನು ಒಳಗೆ ಕರೆದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು.

ಅವನು ಒಳಗೆ ಬಂದ. ಅವಳು ತಲೆ ಎತ್ತಿ ಅವನ ಬರಿ ಮುಖ ನೋಡಿದಳು.

"ಇನ್ನು ಯಾರಿಗೆ ತೋರಿಸಲು ಈ ಮುಖ ತೊಳೆದು ಬಂದೆ?" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

"ಅರ್ಥವಾಯಿತು" ಎಂದ ಶಿಷ್ಯ. "ಕೂಸು ಸಾಯುತ್ತಿರುವಾಗಲೂ ನಗುವ ಮುಖ! ಅದಕ್ಕೆ ಯಾರು ತಾನೇ ಹೆದರುವುದಿಲ್ಲ?"

ಗುರುಗಳು ಹೇಳಿದರು: "ಅವಳು ಕೈ ಮುಗಿದ ಪಟದಲ್ಲಿ ದೇವರೂ ನಗುತ್ತಲೇ ಇದ್ದ."

ಗಂಧ ತೇಯುತ್ತಿದ್ದ ಕೈ ನಿಂತಿತು.