ಮಿಣುಕುಹುಳು ಆರಿ ಆರಿ ಹೊತ್ತುವುದೇಕೆ

ಲೋಕ ಆಗತಾನೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಹಸಿಯಾಗಿತ್ತು. ಹೊಳೆಗೆ ಎಲ್ಲಿ ತಿರುಗಬೇಕು, ಎಲ್ಲಿ ನೇರ ಹೋಗಬೇಕು ಎಂದು ಸರಿಯಾಗಿ ಗೊತ್ತಿರಲಿಲ್ಲ. ಆಮೆ ಚಿಪ್ಪಿನೊಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಅಭ್ಯಾಸ ಮಾಡುತ್ತಿತ್ತು.

ಆ ಕಾಲದಲ್ಲಿ ಸುದ್ದಿ ಹೊರುವ ಕೆಲಸ ಇಬ್ಬರದು. ಹಗಲಿನ ಸುದ್ದಿ ಗಾಳಿಯಪ್ಪನದು. ಕತ್ತಲಾದ ಮೇಲೆ ಅವನಿಗೆ ಕಾಲು ನೋವು, ಬಿದಿರಿನ ಮೆಳೆಯಲ್ಲಿ ಮಲಗಿಬಿಡುತ್ತಿದ್ದ. ಅಲ್ಲಿಂದ ಬೆಳಗಿನ ತನಕ ಸುದ್ದಿಯೆಲ್ಲ ಮಿಣುಕಿಯದು. ಮಿಣುಕಿ ಎಂದರೆ ಮಿಣುಕುಹುಳು, ಎಲ್ಲ ಮಿಣುಕುಹುಳುಗಳಿಗೂ ಮುತ್ತಜ್ಜಿ.

ಅವಳಿಗೆ ಬೆಳಕು ಎಲ್ಲಿಂದ ಬಂತು ಅಂತೀಯಾ? ನೇಸರಜ್ಜ ಬಡಿಸುತ್ತಿದ್ದ. ಸಂಜೆ ಮನೆಗೆ ಹೋಗುವ ಮುಂಚೆ ಪಡುವಣದ ಬಂಡೆಯ ಮೇಲೆ ಪಂಕ್ತಿ ಹಾಕಿಸುತ್ತಿದ್ದ. ರಾತ್ರಿ ಕೆಲಸ ಇರುವವರೆಲ್ಲ ಸಾಲಾಗಿ ಕೂರಬೇಕು. ಚಂದ್ರನಿಗೆ ಒಂದು ಕೊಡ, ನಕ್ಷತ್ರಗಳಿಗೆ ಒಂದೊಂದು ಸೌಟು, ಗೂಬೆಯ ಕಣ್ಣಿಗೆ ಚೂರು, ಕೊನೆಗೆ ಮಿಣುಕಿಯ ಹೊಟ್ಟೆಗೆ ಒಂದು ತೊಟ್ಟು.

"ಬೆಳಗಿನ ತನಕ ಇದೇ ಕಣಮ್ಮ," ಎನ್ನುತ್ತಿದ್ದ ಅಜ್ಜ. "ಪಂಕ್ತಿ ಎದ್ದ ಮೇಲೆ ಮತ್ತೆ ಕೇಳಬಾರದು."

ಒಂದು ತೊಟ್ಟು ಅವಳಿಗೆ ಸಾಕಾಗಿತ್ತು. ಆಗ ಅವಳ ದೀಪ ಆರುತ್ತಲೇ ಇರಲಿಲ್ಲ. ಸಣ್ಣಗೆ, ಒಂದೇ ಸಮನೆ ಉರಿಯುತ್ತಿತ್ತು. ಆ ದೀಪ ಇಟ್ಟುಕೊಂಡು ಮರದಿಂದ ಮರಕ್ಕೆ ಹಾರಿ, ಕೂತು, ಕ್ಷೇಮ ಕೇಳಿ, ಸುದ್ದಿ ಹೇಳಿ ಮುಂದೆ ಹೋಗುತ್ತಿದ್ದಳು. ಸುದ್ದಿ ನಿಧಾನವಾಗಿ ಬರುತ್ತಿತ್ತು, ಆದರೆ ಬಂದೇ ಬರುತ್ತಿತ್ತು.

ಹೊಳೆಯ ನಡುವೆ ಒಂದು ಮರಳ ದಿಣ್ಣೆ. ಅಲ್ಲಿ ಟಿಟ್ಟವ್ವ ಎಂಬ ಉದ್ದ ಕಾಲಿನ ಹಕ್ಕಿ ಬೆಣಚುಕಲ್ಲುಗಳ ಮಧ್ಯೆ ಮೊಟ್ಟೆಯಿಟ್ಟು ಕಾವಿಗೆ ಕೂತಿದ್ದಳು. ಅವಳು ಒಂದು ದಿನ ಮಿಣುಕಿಯನ್ನು ಕೇಳಿಕೊಂಡಳು:

"ಇವನ್ನ ಬಿಟ್ಟು ನಾನು ಏಳೋ ಹಂಗಿಲ್ಲ ಕಣೇ. ಬೆಟ್ಟದ ಮೇಲೆ ಜೋರು ಮಳೆಯಾದ್ರೆ ಹೊಳೆ ಏರುತ್ತೆ. ಮುಂಚೆನೇ ಬಂದು ಹೇಳ್ತೀಯಾ?"

"ಹೇಳದೆ ಇರ್ತೀನಾ ಟಿಟ್ಟವ್ವ," ಎಂದಳು ಮಿಣುಕಿ. ಆಗ ಅವಳು ಮನಸಾರೆ ಹೇಳಿದ್ದಳು.

ಆಮೇಲೆ ಮೋಡಗಳು ಬಂದವು. ಮೋಡಗಳ ಜೊತೆ ಅವರ ಮಗಳು ಮಿಂಚು ಬಂದಳು.

ಮಿಂಚು ಸುದ್ದಿ ಹೇಳುವುದನ್ನು ನೋಡಬೇಕಿತ್ತು. ಬೆಟ್ಟದ ಕಪ್ಪೆ ಬಯಲಿನ ಕಪ್ಪೆಗೆ ಏನೋ ಹೇಳಬೇಕೆಂದು ಬಾಯಿ ತೆರೆಯಿತು. ಬಾಯಿ ಮುಚ್ಚುವುದರೊಳಗೆ ಸುದ್ದಿ ಬಯಲು ಮುಟ್ಟಿ, ಉತ್ತರವೂ ಬಂದಾಗಿತ್ತು. ಕಪ್ಪೆಗಳೆಲ್ಲ ಕಣ್ಣು ಪಿಳಿಪಿಳಿ ಬಿಟ್ಟವು.

ಅದೇ ಸುದ್ದಿಯನ್ನು ಹೊತ್ತು ಮಿಣುಕಿ ಮರದಿಂದ ಮರಕ್ಕೆ ಬಂದು ತಲುಪಿದಾಗ ಬಯಲಿನ ಕಪ್ಪೆ ಹೇಳಿತು: "ಅದಾ? ಅದು ಹಳೇದಾಯ್ತು ಬಿಡಮ್ಮ. ಮಿಂಚಕ್ಕ ಆಗ್ಲೇ ಹೇಳಿ ಹೋದ್ಲು."

ಮಿಣುಕಿಗೆ ಹೊಟ್ಟೆ ಉರಿಯಿತು.

ಮುಳ್ಳುಹಂದಿಯ ಹತ್ತಿರ ಹೋಗಿ ಮೂಗು ಮುರಿದಳು. "ಏನು ಮಹಾ? ಅಪ್ಪನ ಮನೆ ಬೆಳಕಲ್ಲಿ ಯಾರು ಬೇಕಾದ್ರೂ ಮೆರೀತಾರೆ."

"ಅದೂ ನಿಜಾನೇ," ಎಂದು ಮುಳ್ಳುಹಂದಿ ಗೆಡ್ಡೆ ಅಗಿಯುತ್ತ ಹೇಳಿತು. "ಆದ್ರೂ ಬಲು ಬೇಗ, ಅಲ್ವಾ?"

ಮಿಣುಕಿಗೆ ಇನ್ನಷ್ಟು ಹೊಟ್ಟೆ ಉರಿಯಿತು. ಮುಖದ ಮೇಲೆ ಮಾತ್ರ ನಗು ಇಟ್ಟುಕೊಂಡು "ಹೌದು ಹೌದು, ನಮ್ಮ ಮಿಂಚಕ್ಕ ಅಲ್ವಾ" ಎಂದಳು. ಅಕ್ಕ ಎನ್ನುವಾಗ ಅವಳ ಬಾಯಿ ಹಾಗಲಕಾಯಿ ತಿಂದಂತಾಗಿತ್ತು.

ಆ ಉರಿಯಲ್ಲೇ ಅವಳಿಗೊಂದು ಉಪಾಯ ಸಿಕ್ಕಿತು. ಸಿಟ್ಟಿನಿಂದ ಉಸಿರು ಬಿಗಿಹಿಡಿದಾಗ ಹೊಟ್ಟೆಯ ದೀಪ ಭಗ್ಗನೆ ದೊಡ್ಡದಾಯಿತು. ಎದುರು ಬೆಟ್ಟದ ಗೂಬೆ "ಯಾರದು ಅಲ್ಲಿ?" ಎಂದಿತು. ಅಷ್ಟು ದೂರಕ್ಕೆ ಕಂಡಿತೇ ಎಂದು ಮಿಣುಕಿಗೇ ಆಶ್ಚರ್ಯ. ಹಾಗಾದರೆ ಮರದಿಂದ ಮರಕ್ಕೆ ಯಾಕೆ ಹಾರಬೇಕು? ಒಂದು ಕಡೆ ಕೂತು ಭಗ್ಗನೆ ಉರಿದರೆ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹೋದಂತೆಯೇ ಅಲ್ಲವೇ?

ಮರುದಿನದಿಂದ ಮಿಣುಕಿ ಹಾರುವುದನ್ನು ಬಿಟ್ಟಳು. ಉರಿಯಲು ಶುರುಮಾಡಿದಳು.

ಎಲ್ಲರೂ ಹೊಗಳಿದರು. "ನಮ್ಮ ಮಿಣುಕಿ ಏನು ಕಮ್ಮಿ?" ಎಂದರು. ಅವಳು ಉಬ್ಬಿಹೋದಳು. ಹೇಳಲು ಸುದ್ದಿ ಇಲ್ಲದಿದ್ದರೂ ಹೇಳಿದಳು. ಕಪ್ಪೆಗೆ ಆಕಳಿಕೆ ಬಂತು, ಭಗ್ಗ. ಎಲೆ ಉದುರಿತು, ಭಗ್ಗ. ಬಾವಲಿ ತಲೆಕೆಳಗಾಗಿ ನೇತಾಡುತ್ತಿದೆ, ಭಗ್ಗ. ಬಾವಲಿ ಯಾವತ್ತು ನೆಟ್ಟಗೆ ಕೂತಿತ್ತು ಎಂದು ಯಾರೂ ಕೇಳಲಿಲ್ಲ.

ಬಿದಿರಿನ ತಗ್ಗಿನಲ್ಲಿ ಕೂತರೆ ಅವಳ ಬೆಳಕು ಯಾರಿಗೂ ಕಾಣುತ್ತಿರಲಿಲ್ಲ. ಕಾಣದಿದ್ದಷ್ಟೂ ಅವಳು ಜೋರಾಗಿ ಉರಿಯುತ್ತಿದ್ದಳು. ಹೊಟ್ಟೆ ಮುಟ್ಟಿದರೆ ಸುಡುತ್ತಿತ್ತು. ಚಂದ್ರ ನೆತ್ತಿಗೆ ಬರುವ ಮೊದಲೇ ತೊಟ್ಟು ಬೆಳಕು ಮುಗಿದುಹೋಗುತ್ತಿತ್ತು. ಆಮೇಲೆ ಎಲೆಯ ಅಡಿ ಮುದುಡಿ ಕೂತು, ಯಾರಾದರೂ ಕೇಳಿದರೆ ನಿದ್ದೆ ಬಂದಿತ್ತು ಎನ್ನುತ್ತಿದ್ದಳು.

ಗಾಳಿಯಪ್ಪ ಇದನ್ನು ನೋಡಿದ. "ನವಿಲನ್ನ ನೋಡಿ ಕೆಂಬೂತ ಪುಕ್ಕ ಕೆದರಿಕೊಂಡಿತಂತೆ," ಎಂದ. "ಅವಳ ಬೆನ್ನ ಹಿಂದೆ ಅಷ್ಟು ದೊಡ್ಡ ಮೋಡ ಇದೆ. ನಿನ್ನ ಹಿಂದೆ ಏನಿದೆ ಮಗಳೇ? ಹಾಸಿಗೆ ಇದ್ದಷ್ಟು ಕಾಲು ಚಾಚು."

"ನಿಮಗೂ ಅವಳೇ ಹೆಚ್ಚು," ಎಂದಳು ಮಿಣುಕಿ. ಅಂದಿನಿಂದ ಅವನೊಡನೆ ಮಾತು ಬಿಟ್ಟಳು.

ಹೀಗಿರುವಾಗ ಒಂದು ಸಂಜೆ ಬೆಟ್ಟದ ತಲೆ ಕಪ್ಪಾಯಿತು. ಬೆಟ್ಟದ ಕಪ್ಪೆ ಓಡಿಬಂದು ಹೇಳಿತು: "ಮಿಣುಕಿ, ಮೇಲೆ ಭಾರೀ ಮಳೆ. ಟಿಟ್ಟವ್ವಂಗೆ ಹೇಳ್ಬೇಕಲ್ವಾ."

ಮಿಣುಕಿಗೆ ಮಾತು ನೆನಪಿತ್ತು. ಆದರೆ ಮರಳ ದಿಣ್ಣೆ ಇರುವುದು ಎತ್ತರದ ಎರಡು ದಡಗಳ ನಡುವೆ, ತಗ್ಗಿನಲ್ಲಿ. ಕೂತಲ್ಲಿಂದ ಉರಿದರೆ ಅಲ್ಲಿಗೆ ಕಾಣುವುದಿಲ್ಲ. ರೆಕ್ಕೆ ಬಿಚ್ಚಿ ಹೋಗಬೇಕು. ಹೋದರೆ ಹೊಗಳುವವರು ಯಾರು? ಅಲ್ಲಿರುವುದು ಒಂದು ಹಕ್ಕಿ. ಅಷ್ಟರಲ್ಲಿ ಬೆಟ್ಟದ ಮೇಲೆ ಮಿಂಚು ಫಳ್ಳೆಂದಳು. ಕಪ್ಪೆಗಳು "ಆಹಾ" ಎಂದವು.

ಮಿಣುಕಿಗೆ ಹೊಟ್ಟೆ ಉರಿಯಿತು. 'ಆಮೇಲೆ ಹೋದರಾಯಿತು' ಎಂದುಕೊಂಡು ಭಗ್ಗೆಂದಳು. ಮಿಂಚು ಮತ್ತೆ ಫಳ್ಳೆಂದಳು. ಮಿಣುಕಿ ಮತ್ತೆ ಭಗ್ಗೆಂದಳು. ಇವಳು ತನ್ನ ಜೊತೆ ಪಂದ್ಯಕ್ಕೆ ನಿಂತಿದ್ದಾಳೆ ಎಂಬುದು ಪಾಪ, ಮಿಂಚಿಗೆ ಗೊತ್ತೇ ಇರಲಿಲ್ಲ.

ಆಗ ಕೆಳಗಿನಿಂದ ಹೊಳೆಯಮ್ಮ ಕೂಗಿದಳು.

"ಮಿಣುಕಿ, ಬೆಟ್ಟದ ನೀರೆಲ್ಲ ನನ್ನ ಬೆನ್ನ ಮೇಲೆ ಬಿದ್ದಿದೆ. ನಿಲ್ಲೋಣ ಅಂದ್ರೆ ಕಾಲು ನಿಲ್ತಿಲ್ಲ. ದಿಣ್ಣೆ ಮೇಲೆ ಟಿಟ್ಟವ್ವ ಇನ್ನೂ ಕೂತಿದ್ದಾಳಲ್ಲೇ. ನೀನು ಅವಳಿಗೆ ಹೇಳ್ಲಿಲ್ವಾ?"

ಮಿಣುಕಿ ಉರಿಯುವುದನ್ನು ಥಟ್ಟನೆ ನಿಲ್ಲಿಸಿದಳು. ಹೊಟ್ಟೆ ನೋಡಿಕೊಂಡಳು. ಸಾಸಿವೆ ಕಾಳಿನಷ್ಟು ಬೆಳಕು ಉಳಿದಿತ್ತು. ಅದನ್ನೇ ಕಟ್ಟಿಕೊಂಡು ಹಾರಿದಳು.

ದಿಣ್ಣೆಯ ಮೇಲೆ ಮರಿಗಳು ಆವತ್ತೇ ಮೊಟ್ಟೆಯೊಡೆದು ಹೊರಬಂದಿದ್ದವು. ನಡೆಯಲು ಬರುತ್ತಿತ್ತು, ಹಾರಲು ಬರುತ್ತಿರಲಿಲ್ಲ. ಟಿಟ್ಟವ್ವನ ಕಾಲಿನವರೆಗೆ ನೀರು ಬಂದಿತ್ತು.

"ಬಂದ್ಯಾ," ಎಂದಳು ಟಿಟ್ಟವ್ವ. "ನೀನು ಬಂದಿಲ್ಲ ಅಂದ್ರೆ ನೀರೂ ಬರಲ್ಲ ಅಂತ ಕೂತಿದ್ದೆ ಕಣೇ."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಮಿಣುಕಿಗೆ.

ದಿಣ್ಣೆಯಿಂದ ದಡಕ್ಕೆ ಒಂದು ಕಲ್ಲಿನ ಸಾಲು. ಅದೂ ಅಂಕುಡೊಂಕು. ಕತ್ತಲಲ್ಲಿ ಕಾಲು ತಪ್ಪಿದರೆ ಮರಿ ಹೊಳೆಯ ಪಾಲು. ಮಿಣುಕಿ ಹೊಟ್ಟೆಯುರಿಯನ್ನೆಲ್ಲ ನುಂಗಿಕೊಂಡು ಮೇಲೆ ನೋಡಿ ಕರೆದಳು: "ಮಿಂಚಕ್ಕ, ಮಕ್ಕಳು ದಾಟಬೇಕು. ಸ್ವಲ್ಪ ಬೆಳಕು ಹಿಡೀ."

ಮಿಂಚು ಕೆಟ್ಟವಳಲ್ಲ. ಕೇಳಿದ ತಕ್ಷಣ ಫಳ್ಳೆಂದಳು. ಹೊಳೆ, ಕಲ್ಲು, ದಡ, ದಡದ ಹುಲ್ಲು ಎಲ್ಲ ಹಗಲಿನಂತೆ ಕಂಡವು. ಮರಿಗಳು ಹೆದರಿ ಬೆಣಚುಕಲ್ಲಿನ ಹಾಗೆ ಮುದುಡಿಕೊಂಡವು. ಅವು ತಲೆಯೆತ್ತುವುದರೊಳಗೆ ಬೆಳಕು ಹೋಗಿತ್ತು. ಕಣ್ಣು ಕೋರೈಸಿ, ಕತ್ತಲು ಮೊದಲಿಗಿಂತ ದಪ್ಪಗಾಗಿತ್ತು.

"ಇನ್ನೊಂದ್ಸಲ ಅಕ್ಕ."

"ಆಗಲ್ಲ ಕಣೇ," ಎಂಬ ದನಿ ಆಗಲೇ ದೂರದಿಂದ ಬಂತು. "ಇದ್ದಿದ್ದೆಲ್ಲ ಒಂದೇ ಸಲಕ್ಕೆ ಹೋಯ್ತು. ನಂಗೆ ಉಳಿಸಿಕೊಳ್ಳೋಕೆ ಬರಲ್ಲ."

ಇನ್ನು ಉಳಿದದ್ದು ಸಾಸಿವೆ ಕಾಳು. ಸಣ್ಣಗೆ ಒಂದೇ ಸಮ ಉರಿದರೂ ಅದು ಅರ್ಧ ದಾರಿಗೆ ಸಾಲದು. ಮಿಣುಕಿ ಮೊದಲ ಕಲ್ಲಿನ ಮೇಲೆ ಕೂತು ಯೋಚಿಸಿದಳು. ಕಾಲು ಎತ್ತಿಡುವಾಗ ಬೆಳಕು ಬೇಕು. ಇಟ್ಟ ಮೇಲೆ, ನಿಂತಿರುವಾಗ ಯಾಕೆ ಬೇಕು?

"ಟಿಟ್ಟವ್ವ, ಮಕ್ಕಳೇ, ಕೇಳಿ," ಎಂದಳು. "ನಾನು ಹೊತ್ತಿದಾಗ ಒಂದು ಹೆಜ್ಜೆ ಇಡಿ. ಆರಿದಾಗ ನಿಲ್ಲಿ. ಆರಿದೆ ಅಂದ್ರೆ ಹೋದೆ ಅಂತಲ್ಲ. ಅಲ್ಲೇ ಮುಂದೆ ಇರ್ತೀನಿ."

ಹೊತ್ತಿದಳು, ಮರಿಗಳು ಹೆಜ್ಜೆ ಇಟ್ಟವು. ಆರಿದಳು, ನಿಂತವು. ಹೊತ್ತಿದಳು. ಆರಿದಳು. ಆರಿದಾಗ ಕತ್ತಲಲ್ಲಿ ಮುಂದಿನ ಕಲ್ಲಿಗೆ ಹಾರಿ ಕೂರುತ್ತಿದ್ದಳು.

ನಡು ಹೊಳೆಯಲ್ಲಿದ್ದಾಗ ದಡದ ಕಪ್ಪೆಗಳ ಮಾತು ಕಿವಿಗೆ ಬಿತ್ತು. "ನೋಡಿದ್ಯಾ ಮಿಂಚಕ್ಕನ ಬೆಳಕು? ಹೊಳೆಗೆ ಹೊಳೆಯೇ ಬೆಳ್ಳಗಾಯ್ತು. ಆ ಮಿಣುಕಿ ನೋಡು, ಪುಸ್ ಪುಸ್ ಅಂತಿದ್ದಾಳೆ."

ಮಿಣುಕಿಗೆ ಹೊಟ್ಟೆ ಉರಿಯಿತು. ಅಷ್ಟು ಯಾವತ್ತೂ ಉರಿದಿರಲಿಲ್ಲ. ಒಂದೇ ಒಂದು ಸಲ ಭಗ್ಗೆಂದು ಅವರಿಗೆಲ್ಲ ತೋರಿಸಿಬಿಡಬೇಕು ಎನಿಸಿತು. ಉಸಿರನ್ನೂ ಬಿಗಿಹಿಡಿದಳು. ಹಿಂದಿನ ಕಲ್ಲಿನ ಮೇಲೆ ಎಲ್ಲಕ್ಕಿಂತ ಸಣ್ಣ ಮರಿ ಒಂದು ಕಾಲೆತ್ತಿ ನಿಂತಿತ್ತು. ಅದು ಕಪ್ಪೆಗಳ ಕಡೆ ನೋಡುತ್ತಿರಲಿಲ್ಲ. ಅವಳು ಹೊತ್ತುವುದನ್ನೇ ಕಾಯುತ್ತಿತ್ತು.

ಮಿಣುಕಿ ಉಸಿರು ಬಿಟ್ಟಳು. ಎಷ್ಟು ಬೇಕೋ ಅಷ್ಟೇ ಹೊತ್ತಿದಳು. ಮರಿ ಕಾಲಿಟ್ಟಿತು. ಅವಳು ಆರಿದಳು.

ಹಾಗೇ ಎಲ್ಲರೂ ದಡ ಸೇರಿದರು. ಹಿಂದೆ ದಿಣ್ಣೆ ಮುಳುಗಿತು. ಟಿಟ್ಟವ್ವ ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು, "ತಡ ಮಾಡಿದೆ," ಎಂದಳು. ಕೊನೆಯ ಮರಿಯನ್ನೂ ಒಳಗೆ ಸೇರಿಸಿಕೊಂಡು, "ಆದ್ರೂ ಕೊನೇ ತನಕ ಇದ್ದೆ," ಎಂದಳು. ಪೂರ್ವ ಕೆಂಪಾದಾಗ ನೋಡಿದರೆ ಸಾಸಿವೆ ಕಾಳಿನಲ್ಲಿ ಇನ್ನೂ ಒಂದು ಚೂರು ಉಳಿದಿತ್ತು.

ಇದನ್ನೆಲ್ಲ ದೂರದ ಮೋಡದ ಸಂದಿಯಿಂದ ಮಿಂಚು ನೋಡುತ್ತಿದ್ದಳು. "ನಿಂಗೇನಮ್ಮ," ಎಂದಳು. "ಬೆಳಗಿನ ತನಕ ಜೊತೇಲಿರ್ತೀಯ. ನಾನು ಬಂದೆ ಅನ್ನೋದರೊಳಗೆ ಹೋಗಿರ್ತೀನಿ. ಜನ ನನ್ನ ಹೊಗಳೋದನ್ನ ಕೇಳೋಕೂ ನಾನಿರಲ್ಲ. ನನ್ನ ಯಾರಾದ್ರೂ ಹಿಂಗೆ ಕಾಯ್ತಾರಾ?" ಹೀಗೆ ಹೇಳಿ ಹೊಟ್ಟೆಯುರಿಯಿಂದ ಗುಡುಗುಡು ಗೊಣಗಿದಳು.

ಮಿಣುಕಿ ಒಂದು ಸಮಾಧಾನದ ಮಾತು ಹೇಳಬೇಕಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಮಜ್ಜಿಗೆ ಕುಡಿದಂತೆ ಅವಳ ಹೊಟ್ಟೆ ತಣ್ಣಗಾಯಿತು.

ಆ ಸಂಜೆ ಪಂಕ್ತಿಯಲ್ಲಿ ನೇಸರಜ್ಜ ಅವಳ ಮುಂದೆ ಬಂದು ಸೌಟು ತಡೆದು ನಿಂತ. "ಇವತ್ತು ಇನ್ನೊಂದು ತೊಟ್ಟು ಹಾಕ್ಲೇನಮ್ಮ?"

ಊಟದಲ್ಲಿ ಸಾಕೆನ್ನುವವರು ಎಲೆಗೆ ಕೈ ಅಡ್ಡ ಹಿಡಿಯುತ್ತಾರಲ್ಲ, ಮಿಣುಕಿ ಹಾಗೆ ಹೊಟ್ಟೆಗೆ ಕೈ ಅಡ್ಡ ಹಿಡಿದಳು. "ಸಾಕಜ್ಜ," ಎಂದಳು. ಆದರೂ ಮೋಡದ ಕಡೆ ಓರೆಗಣ್ಣಿಂದ ಒಂದು ಸಲ ನೋಡದೆ ಇರಲಿಲ್ಲ. ಹೊಟ್ಟೆಕಿಚ್ಚು ಅಷ್ಟು ಸುಲಭವಾಗಿ ಹೋಗುತ್ತದೆಯೇ?

ಇವತ್ತಿಗೂ ಮಿಂಚು ಹೊಳೆದು ಹೋದ ಮೇಲೆ ಗುಡುಗು ಕೇಳುವುದು ಅದಕ್ಕೇ. ಅದು ಮಿಂಚಿನ ಗೊಣಗಾಟ. ಬಸ್ಸು ತಗ್ಗಿನ ದಾರಿಯಲ್ಲಿ ಹೋಗುವಾಗ ನಿಮ್ಮತ್ತೆಯ ಫೋನು ಬಿಸಿಯಾಗಿ ಬ್ಯಾಟರಿ ಸರಸರನೆ ಇಳಿಯುತ್ತದಲ್ಲ, ಅದು ಬಿದಿರಿನ ತಗ್ಗಿನ ಮಿಣುಕಿಯ ಹಾಗೆ, ಕಾಣದ ಟವರನ್ನು ಕೂಗಿ ಕೂಗಿ ಸುಸ್ತಾಗಿರುತ್ತದೆ. ಇರುವ ಚಾರ್ಜನ್ನೆಲ್ಲ ಕಪ್ಪೆಯ ಆಕಳಿಕೆಯಂಥ ಸುದ್ದಿಗೇ ಸುರಿದ ಫೋನು, ಮನೆಯಿಂದ ಕರೆ ಬರುವ ಹೊತ್ತಿಗೆ ಕಪ್ಪಗಾಗಿ ಕೂತಿರುತ್ತದೆ.

ಮಿಣುಕಿಯ ಮಕ್ಕಳು ಮಾತ್ರ ಆ ಹೊಳೆಯನ್ನು ಮರೆತಿಲ್ಲ. ಅದಕ್ಕೇ ಮಳೆಗಾಲದ ಹೊಸ್ತಿಲಲ್ಲಿ ಬೇಲಿಯ ಬಳಿ ಮಿಣುಕುಹುಳು ಹೊತ್ತಿ ಆರಿದರೆ, ಹೋಯಿತೆಂದು ಹಿಂದಿರುಗಬೇಡ ಕಂದ. ನಿಂತಲ್ಲೇ ಸ್ವಲ್ಪ ಕಾಯಿ, ಒಂದು ಹೆಜ್ಜೆ ಮುಂದೆ ಅದು ಮತ್ತೆ ಹೊತ್ತುತ್ತದೆ.